ಕಲಬುರಗಿಯ ಬಿಸಿಲಿಗೆ ಮರದ ಚೌಕಟ್ಟಿನ ಮನೆ ಹೊಂದುವುದು ಹೇಗೆ

ಬೇಸಿಗೆಯ ರಾತ್ರಿ ಹತ್ತು ಗಂಟೆಗೆ ಕಲಬುರಗಿಯ ಯಾವುದೇ ಆರ್‌ಸಿಸಿ ಮನೆಯಲ್ಲಿ ಸ್ಲ್ಯಾಬಿನ ಕೆಳಮೈಯನ್ನು ಮುಟ್ಟಿ ನೋಡಿದರೆ ಅದು ಇನ್ನೂ ಬಿಸಿಯಾಗಿಯೇ ಇರುತ್ತದೆ. ಹೊರಗೆ ಗಾಳಿ ತಣ್ಣಗಾಗಿದ್ದರೂ ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಮಾಳಿಗೆ ಹತ್ತಿ ಮಲಗುವ ರೂಢಿ ಈ ಭಾಗದಲ್ಲಿ ಇನ್ನೂ ಉಳಿದಿರುವುದು ಇದೇ ಕಾರಣಕ್ಕೆ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಎರಡನೆಯ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿನಲ್ಲಿ ಗೋಡೆಗಳ ಮೇಲೆ ಬೀಳುವ ಬಿಸಿಲು ಕಡಿಮೆ, ಛಾವಣಿಯ ಮೇಲೆ ಬೀಳುವುದೇ ಬಹುಪಾಲು. ಗಾಳಿಯ ಉಷ್ಣತೆ 42 ಡಿಗ್ರಿ ಇರುವ ದಿನ ಮಾಸಿದ ಸ್ಲ್ಯಾಬಿನ ಮೇಲ್ಮೈ 55ರಿಂದ 60 ಡಿಗ್ರಿಯವರೆಗೂ ಕಾಯುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟು ಆ ಶಾಖವನ್ನು ಮೂರು-ನಾಲ್ಕು ಗಂಟೆಗಳಲ್ಲಿ ಕೆಳಗೆ ಇಳಿಸಲು ತೊಡಗುತ್ತದೆ, ತನ್ನ ಒಡಲಲ್ಲಿ ಉಳಿದದ್ದನ್ನು ಮಧ್ಯರಾತ್ರಿಯ ತನಕ ಕೋಣೆಗೆ ಬಿಡುತ್ತಲೇ ಇರುತ್ತದೆ.

ಇದಕ್ಕೆ ಪರಿಹಾರವಾಗಿ ಈಚೆಗೆ ಕೇಳಿಬರುತ್ತಿರುವ ವಿಧಾನಗಳಲ್ಲಿ ಮರದ ಚೌಕಟ್ಟಿನ ಮನೆಯೂ ಒಂದು. ಕೆನಡಾ, ಅಮೆರಿಕ, ಜಪಾನ್ ಹಾಗೂ ಉತ್ತರ ಯುರೋಪಿನ ಹಲವು ದೇಶಗಳಲ್ಲಿ ಒಂದೆರಡು ಅಂತಸ್ತಿನ ಮನೆಗಳು ಬಹುತೇಕ ಹೀಗೆಯೇ ನಿಲ್ಲುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಳಿಯನ್ನು ಹೊರಗಿಡಲು ರೂಪುಗೊಂಡವು. ಅದೇ ನಕ್ಷೆಯನ್ನು ತಂದು ಕಲಬುರಗಿಯಲ್ಲಿ ನಿಲ್ಲಿಸಿದರೆ ಅರ್ಧ ಲಾಭ ಮಾತ್ರ ಸಿಗುತ್ತದೆ, ಕೆಲವು ಕಡೆ ನಷ್ಟವೂ ಆದೀತು. ಮರದ ಚೌಕಟ್ಟು ಬಿಸಿಲನ್ನು ತಡೆಯುವುದರಲ್ಲಿ ಗಟ್ಟಿಗ. ರಾತ್ರಿಯ ತಂಪನ್ನು ಹಗಲಿಗೆ ಹಿಡಿದಿಡುವ ಶಕ್ತಿ ಮಾತ್ರ ಅದಕ್ಕಿಲ್ಲ, ಅದು ಕಲ್ಲು-ಮಣ್ಣಿನ ಗುಣ. ಈ ಎರಡನ್ನೂ ಸೇರಿಸಿದ ಮನೆಯೇ ಕಲಬುರಗಿ, ಬೀದರ, ಯಾದಗಿರಿ ಎಂಬ ಈ ಮೂರು ಜಿಲ್ಲೆಗಳಿಗೆ ತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಏಕೆ ಹಾಗೆ ಎಂಬುದನ್ನು ಅರಿಯಲು ಮೊದಲು ಗೋಡೆಯೊಂದರ ಒಳರಚನೆಯನ್ನು ನೋಡಬೇಕು.

ಮರದ ಚೌಕಟ್ಟು ಎಂದರೆ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆಯಲ್ಲ. ಸುಮಾರು 38 ಮಿ.ಮೀ. ದಪ್ಪ ಮತ್ತು 140 ಮಿ.ಮೀ. ಅಗಲದ ತೆಳುಕಂಬಗಳನ್ನು 400 ಅಥವಾ 600 ಮಿ.ಮೀ. ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಕೆಳಗೂ ಮೇಲೂ ಅಡ್ಡಪಟ್ಟಿಗಳಿಂದ ಬಿಗಿದು, ಹೊರಮೈಗೆ 9ರಿಂದ 12 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಅಂಥದೇ ಹಲಗೆಯನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಹಲಗೆಯಿಲ್ಲದ ಚೌಕಟ್ಟು ಗಾಳಿಗೆ ಓರೆಯಾಗಿ ವಾಲಬಲ್ಲದು. ಹಲಗೆ ಬಿದ್ದ ಮೇಲೆ ಇಡೀ ಗೋಡೆ ಒಂದೇ ಅಂಗವಾಗಿ ಬಿಗಿಯುತ್ತದೆ. ಕಂಬಗಳ ನಡುವಿನ ಟೊಳ್ಳಿನಲ್ಲಿ ಉಷ್ಣನಿರೋಧಕ ವಸ್ತುವನ್ನು ತುಂಬಲಾಗುತ್ತದೆ. ಅದರ ಹೊರಗೆ ನೀರನ್ನು ತಡೆದು ಆವಿಯನ್ನು ಮಾತ್ರ ಹೊರಬಿಡುವ ಹಾಳೆ, ಅದರಾಚೆ ಗಾಳಿಯಾಡಲು ಒಂದು ಇಂಚಿನಷ್ಟು ಸಂದು, ಕೊನೆಯಲ್ಲಿ ಬಿಸಿಲು-ಮಳೆಗೆ ಮೈಯೊಡ್ಡುವ ಹೊರಹೊದಿಕೆ ಬರುತ್ತವೆ. ಭಾರ ಹೊರುವ ಕೆಲಸ ಮತ್ತು ಬಿಸಿ ತಡೆಯುವ ಕೆಲಸ ಎರಡೂ ಒಂದೇ ದಪ್ಪದೊಳಗೆ ಮುಗಿಯುವುದು ಈ ರಚನೆಯ ಮುಖ್ಯ ಗುಣ. ಇಟ್ಟಿಗೆ ಗೋಡೆಗೆ ಅದೇ ಮಟ್ಟದ ತಡೆ ಬೇಕೆಂದರೆ ಅದರ ಮೇಲೆ ಮತ್ತೊಂದು ಪದರವನ್ನು ಅಂಟಿಸಲೇಬೇಕಾಗುತ್ತದೆ.

ತಡೆಯನ್ನು ಅಳೆಯುವ ಬಗೆ ಕಷ್ಟದ್ದಲ್ಲ. ಒಂದು ಮೀಟರ್ ದಪ್ಪದ ವಸ್ತುವಿನ ಎರಡು ಬದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿಗೆ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬುದೇ ಉಷ್ಣವಾಹಕತೆ. ಆರ್‌ಸಿಸಿಯಲ್ಲಿ ಅದು 1.5ರ ಆಸುಪಾಸು, ಇಟ್ಟಿಗೆಯಲ್ಲಿ 0.8ರಷ್ಟು, ಹಗುರ ಜಾತಿಯ ಮರದಲ್ಲಿ 0.13, ಗಾಜಿನ ಉಣ್ಣೆ ಅಥವಾ ಮರದ ನಾರಿನ ಹಾಸಿನಲ್ಲಿ 0.04. ಮಂಜುಗಡ್ಡೆ ಮಾರುವವರು ಹಿಂದೆ ಅದನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿ ಸುತ್ತಿ ಇಡುತ್ತಿದ್ದದ್ದು ಈ ಕಡೆಯ ಹಿರಿಯರಿಗೆ ನೆನಪಿರಬಹುದು; ನಾರು-ನಾರುಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿಯೇ ಅಲ್ಲಿ ತಡೆಯಾಗಿ ನಿಲ್ಲುತ್ತಿತ್ತು, ಗೋಡೆಯೊಳಗಿನ ನಿರೋಧಕವೂ ಮಾಡುವುದು ಅದನ್ನೇ.

ಗೋಡೆಯ ಎಲ್ಲ ಪದರಗಳನ್ನೂ ಸೇರಿಸಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಪ್ರತಿ ಚದರ ಮೀಟರಿಗೆ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂದು ಲೆಕ್ಕ ಹಾಕಿದಾಗ ಸಿಗುವ ಸಂಖ್ಯೆಗೆ ಯು-ಮೌಲ್ಯ ಎಂದು ಹೆಸರು. ಅದು ಕಡಿಮೆಯಾದಷ್ಟೂ ಒಳ್ಳೆಯದು. ಎರಡೂ ಬದಿ ಗಿಲಾವು ಮಾಡಿದ 9 ಇಂಚಿನ ಇಟ್ಟಿಗೆ ಗೋಡೆಯ ಯು-ಮೌಲ್ಯ ಸುಮಾರು 2.1. 140 ಮಿ.ಮೀ. ನಿರೋಧಕ ತುಂಬಿದ ಮರದ ಗೋಡೆಯಲ್ಲಿ ಕಂಬಗಳ ಮೂಲಕ ಹಾಯುವ ಶಾಖವನ್ನೂ ಎಣಿಸಿದ ಮೇಲೆ ಅದು 0.3ರಷ್ಟು ಬರುತ್ತದೆ, ಅಂದರೆ ಏಳರಲ್ಲಿ ಒಂದು ಭಾಗ. ಛಾವಣಿಯಲ್ಲಿ ಅಂತರ ಇನ್ನೂ ಹೆಚ್ಚು. ಬರಿಯ ಸ್ಲ್ಯಾಬಿನ ಯು-ಮೌಲ್ಯ 3.5ರ ಸುತ್ತಮುತ್ತ ಇದ್ದರೆ, 200 ಮಿ.ಮೀ. ನಿರೋಧಕವಿರುವ ಮರದ ಛಾವಣಿಯಲ್ಲಿ ಅದು 0.25ರಷ್ಟಿರುತ್ತದೆ. 12 ಅಡಿ ಉದ್ದ, 12 ಅಡಿ ಅಗಲದ ಕೋಣೆಯೊಂದನ್ನು ತೆಗೆದುಕೊಂಡು, ಬಿಸಿಲು ಮತ್ತು ಗಾಳಿ ಎರಡರ ಪ್ರಭಾವವೂ ಸೇರಿ ಒಳಗಿಗೂ ಹೊರಗಿಗೂ 25 ಡಿಗ್ರಿ ವ್ಯತ್ಯಾಸ ಉಂಟಾಗಿದೆ ಎಂದು ಭಾವಿಸೋಣ. ಆಗ ಸ್ಲ್ಯಾಬಿನ ಮೂಲಕ 1,100 ವ್ಯಾಟ್‌ಗೂ ಹೆಚ್ಚು ಶಾಖ ಒಳಗಿಳಿಯುತ್ತದೆ, ಮರದ ಛಾವಣಿಯ ಮೂಲಕ 85 ವ್ಯಾಟ್‌ನಷ್ಟು ಮಾತ್ರ. ಮೊದಲನೆಯದು ಹಗಲಿಡೀ ತಲೆಯ ಮೇಲೊಂದು ವಿದ್ಯುತ್ ಹೀಟರನ್ನು ಹಚ್ಚಿಟ್ಟ ಲೆಕ್ಕ, ಎರಡನೆಯದು ಕೋಣೆಯಲ್ಲಿ ಒಬ್ಬ ಮನುಷ್ಯ ಹೆಚ್ಚಾಗಿ ಕುಳಿತ ಲೆಕ್ಕ. ಭಾರತದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ-ನಿವಾಸ ಸಂಹಿತೆಯು ವಾಸದ ಕಟ್ಟಡಗಳ ಛಾವಣಿಯ ಯು-ಮೌಲ್ಯ 1.2ನ್ನು ಮೀರಬಾರದೆಂದು ಹೇಳುತ್ತದೆ. ನಮ್ಮ ಬರಿಯ ಸ್ಲ್ಯಾಬುಗಳು ಆ ಮಿತಿಯಿಂದ ಎಷ್ಟು ದೂರ ನಿಂತಿವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿಯವರೆಗಿನ ಲೆಕ್ಕ ಮರದ ಪರವಾಗಿಯೇ ಇದೆ. ಎರಡನೆಯ ಲೆಕ್ಕ ಹಾಗಿಲ್ಲ, ಮತ್ತು ಬಿಸಿನಾಡಿನಲ್ಲಿ ಮನೆ ಕಟ್ಟುವವರು ಹೆಚ್ಚು ಗಮನಿಸಬೇಕಾದದ್ದು ಅದನ್ನೇ. ಕಲಬುರಗಿಯ ಬೇಸಿಗೆಯಲ್ಲಿ ಹಗಲಿನ ಗರಿಷ್ಠಕ್ಕೂ ಬೆಳಗಿನ ಜಾವದ ಕನಿಷ್ಠಕ್ಕೂ ಹದಿನೈದು ಡಿಗ್ರಿಯಷ್ಟು ಅಂತರವಿರುತ್ತದೆ. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರಿನಲ್ಲಿ ರಾತ್ರಿಗಳು ಇನ್ನೂ ಹಿತ. ಪ್ರಕೃತಿ ಪ್ರತಿ ರಾತ್ರಿ ಉಚಿತವಾಗಿ ಕೊಡುವ ಈ ತಂಪನ್ನು ಮರುದಿನದ ಮಧ್ಯಾಹ್ನಕ್ಕೆ ಕಾದಿಡಲು ತೂಕವಿರುವ ವಸ್ತು ಬೇಕು. ಒಂದು ಘನ ಮೀಟರ್ ಕಲ್ಲು ಒಂದು ಡಿಗ್ರಿ ಬಿಸಿಯಾಗಲು ಸುಮಾರು 2,200 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಅಷ್ಟೇ ಗಾತ್ರದ ಹಗುರ ಮರಕ್ಕೆ 800 ಸಾಕು, ಗಾಜಿನ ಉಣ್ಣೆಗೆ ಕೆಲವೇ ಹತ್ತುಗಳು ಸಾಕು. ಹೀಗಾಗಿ ಒಳಗೆಲ್ಲ ಹಗುರ ಹಲಗೆಗಳೇ ಇರುವ ಮರದ ಮನೆಯಲ್ಲಿ ಹೊರಗಿನ ಬಿಸಿ ಬಾರದಿದ್ದರೂ ಮನೆಮಂದಿ, ಫ್ರಿಜ್ಜು, ಟಿ.ವಿ. ಮತ್ತು ಒಲೆಯ ಶಾಖವೇ ಗಾಳಿಯನ್ನು ಬೇಗ ಕಾಯಿಸಿಬಿಡುತ್ತದೆ. ಆ ಶಾಖ ಹೊರಹೋಗಲು ಉತ್ತಮ ನಿರೋಧಕವೇ ಅಡ್ಡಿಯಾಗಿ ನಿಲ್ಲುತ್ತದೆ.

ನಮ್ಮಲ್ಲಿ ಈಗ ಕಾಣುವ ಮನೆಗಳನ್ನು ಈ ಎರಡು ಗುಣಗಳ ಬೆಳಕಿನಲ್ಲಿ ನೋಡಿದರೆ ವಿಷಯ ಇನ್ನಷ್ಟು ಬಿಡಿಸಿಕೊಳ್ಳುತ್ತದೆ. ತಗಡಿನ ಮನೆಗೆ ತೂಕವೂ ಇಲ್ಲ, ತಡೆಯೂ ಇಲ್ಲ. ಬೆಳಿಗ್ಗೆ ಹತ್ತಕ್ಕೇ ಅದು ಕಾಯುತ್ತದೆ. ಸ್ಲ್ಯಾಬಿನ ಮನೆಗೆ ತೂಕವಿದೆ, ತಡೆಯಿಲ್ಲ. ಆ ತೂಕ ಬಿಸಿಲಿಗೆ ಮೈಯೊಡ್ಡಿ ನಿಂತಿರುವುದರಿಂದ ಅದು ತಂಪಿನ ಬದಲು ಬಿಸಿಯ ಕಣಜವಾಗುತ್ತದೆ. ಹಳೆಯ ಮಾಳಿಗೆ ಮನೆಗೆ ದಪ್ಪ ಗೋಡೆ ಮತ್ತು ದಪ್ಪ ಮಣ್ಣಿನ ಮೇಲ್ಮುದ್ದೆಯ ಬಲದಿಂದ ತೂಕವೂ ಇತ್ತು, ತಕ್ಕಮಟ್ಟಿನ ತಡೆಯೂ ಇತ್ತು. ಹಾಗಾದರೆ ಬೇಕಾದದ್ದು ತಡೆ ಹೊರಬದಿಯಲ್ಲಿ, ತೂಕ ಒಳಬದಿಯಲ್ಲಿ ಇರುವ ಮನೆ. ಹೊರಗೆ ನಿರೋಧಕ ತುಂಬಿದ ಮರದ ಚೌಕಟ್ಟು ಕವಚದಂತೆ ಸುತ್ತುವರಿದು, ಒಳಗೆ ಕಲ್ಲಿನ ನೆಲ, ಮಣ್ಣಿನ ದಪ್ಪ ಗಿಲಾವು, ಕೋಣೆ-ಕೋಣೆಗಳ ನಡುವೆ ಒಂದೆರಡು ಕಲ್ಲು ಅಥವಾ ಮಣ್ಣಿನ ಇಟ್ಟಿಗೆಯ ಗೋಡೆಗಳು ಇದ್ದರೆ ಎರಡೂ ಗುಣಗಳು ಕೂಡಿಬರುತ್ತವೆ.

ಕಲ್ಲಿನ ನೆಲ ಎಂದಾಗ ಈ ಭಾಗದವರಿಗೆ ಹೊರಗಿನ ಯಾರ ಪಾಠವೂ ಬೇಕಿಲ್ಲ. ಶಹಾಬಾದಿನ ಪರಸಿ ನಮ್ಮ ಕಾಲಡಿಯ ಕಲ್ಲು. ಚಳಿದೇಶಗಳ ಮರದ ಮನೆಗಳಲ್ಲಿ ನೆಲವನ್ನೂ ಮರದ ತೊಲೆಗಳ ಮೇಲೆ ಎತ್ತಿ, ಕೆಳಗೆ ನಿರೋಧಕ ತುಂಬುತ್ತಾರೆ. ಅಲ್ಲಿ ನೆಲ ಮನೆಯ ಬೆಚ್ಚನ್ನು ಹೀರಿಬಿಡುತ್ತದೆ ಎಂಬ ಭಯ. ಇಲ್ಲಿ ಹೀರಬೇಕು ಎಂಬುದೇ ನಮ್ಮ ಬಯಕೆ. ಕೆಲವು ಮೀಟರ್ ಆಳದ ಭೂಮಿಯ ಉಷ್ಣತೆ ಊರಿನ ವಾರ್ಷಿಕ ಸರಾಸರಿಗೆ ಹತ್ತಿರವಿರುತ್ತದೆ, ಅಂದರೆ ಇಲ್ಲಿ 27 ಡಿಗ್ರಿಯ ಆಜುಬಾಜು. ಮೇ ತಿಂಗಳ ಮಧ್ಯಾಹ್ನಕ್ಕೆ ಅದು ತಂಪೇ. ಆದ್ದರಿಂದ ಮರದ ಗೋಡೆಗಳ ಮನೆಯಲ್ಲೂ ನೆಲವನ್ನು ನಿರೋಧಕವಿಲ್ಲದೆ, ಗಟ್ಟಿಸಿದ ಮಣ್ಣು ಮತ್ತು ಗಾರೆಯ ಹಾಸಿನ ಮೇಲೆ ಪರಸಿ ಹಾಕಿಯೇ ಮಾಡಬೇಕು. ಮೇಲೆ ಹೇಳಿದ 12 ಅಡಿ ಚೌಕದ ಕೋಣೆಯಲ್ಲಿ ಕಲ್ಲು ಮತ್ತು ಅದರ ಹಾಸು ಸೇರಿ 100 ಮಿ.ಮೀ. ದಪ್ಪವಿದ್ದರೆ, ಅದು ನಾಲ್ಕು ಡಿಗ್ರಿ ಬಿಸಿಯೇರುವಷ್ಟರಲ್ಲಿ 3 ಯುನಿಟ್ ವಿದ್ಯುತ್ತಿನಷ್ಟಕ್ಕೂ ಮೀರಿದ ಶಾಖವನ್ನು ಹೀರಿಕೊಂಡಿರುತ್ತದೆ. ಛಾವಣಿಯಿಂದ 85 ವ್ಯಾಟ್ ಮಾತ್ರ ಇಳಿಯುವ ಮನೆಯಲ್ಲಿ ಇದು ದೊಡ್ಡ ಪಾಲು. 1,100 ವ್ಯಾಟ್ ಇಳಿಯುವ ಮನೆಯಲ್ಲಿ ಅದೇ ನೆಲ ಎರಡು-ಮೂರು ಗಂಟೆಗೇ ಸೋಲುತ್ತದೆ. ಗೋಡೆಯ ಒಳಮೈಗೂ ಈ ಮಾತು ಸಲ್ಲುತ್ತದೆ. ಒಂದು ದಿನದ ಬಿಸಿ-ತಂಪಿನ ಚಕ್ರದಲ್ಲಿ ಶಾಖ ಉಪಯುಕ್ತವಾಗಿ ತಲುಪುವುದು ಮೇಲಿನ ನಾಲ್ಕು ಇಂಚಿನಷ್ಟು ಆಳಕ್ಕೆ. ಅದಕ್ಕಿಂತ ದಪ್ಪ ಗೋಡೆಯಿಂದ ದಿನದ ಲೆಕ್ಕದಲ್ಲಿ ಹೆಚ್ಚಿನ ಫಲವಿಲ್ಲ.

ಹೀರಿಕೊಂಡದ್ದನ್ನು ರಾತ್ರಿ ಹೊರಹಾಕದಿದ್ದರೆ ಮೂರನೆಯ ದಿನಕ್ಕೆ ಕಲ್ಲೂ ಬಿಸಿಯಾಗುತ್ತದೆ. ಹಗಲಿನಲ್ಲಿ ಕಿಟಕಿ ಮುಚ್ಚಿ, ಹೊತ್ತು ಮುಳುಗಿ ಹೊರಗಿನ ಗಾಳಿ ತಣಿದ ಮೇಲೆ ತೆರೆದು, ಬೆಳಗಿನ ತನಕ ಗಾಳಿ ಆಡಿಸುವುದು ಈ ಬಗೆಯ ಮನೆಯ ದಿನಚರಿಯಾಗಬೇಕು. ಬಿಸಿಗಾಳಿ ಮೇಲಕ್ಕೇರುವುದರಿಂದ ಛಾವಣಿಯ ಎತ್ತರದ ಭಾಗದಲ್ಲಿ ತೆರೆದು ಮುಚ್ಚಬಹುದಾದ ಬೆಳಕಿಂಡಿಯೊಂದು ಇದ್ದರೆ ಗಾಳಿ ತಾನಾಗಿಯೇ ಎಳೆದುಕೊಳ್ಳುತ್ತದೆ. ನಮ್ಮ ವಾಡೆಗಳ ಬೆಳಕಿಂಡಿಗಳು ಮಾಡುತ್ತಿದ್ದ ಕೆಲಸವೇ ಇದು. ಕೂಲರ್ ಬಳಸುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಗಾಳಿಯ ಉಷ್ಣತೆ 42 ಡಿಗ್ರಿ, ತೇವಾಂಶ ಶೇಕಡಾ 20 ಇರುವ ಮಧ್ಯಾಹ್ನ ಒಳ್ಳೆಯ ಕೂಲರ್ 27-28 ಡಿಗ್ರಿಯ ಗಾಳಿಯನ್ನು ಕೊಡಬಲ್ಲದು. ಆದರೆ ಅದು ತಳ್ಳಿದಷ್ಟೇ ಗಾಳಿ ಇನ್ನೊಂದು ಬದಿಯಿಂದ ಹೊರಹೋಗಬೇಕು. ಮರದ ಚೌಕಟ್ಟಿನ ಮನೆ ಸಂದುಗಳಿಲ್ಲದೆ ಬಿಗಿಯಾಗಿರುವುದರಿಂದ ಈ ನಿರ್ಗಮನವನ್ನು ನಕ್ಷೆಯಲ್ಲೇ ಗುರುತಿಸಿಡಬೇಕು. ಎ.ಸಿ. ಹಾಕುವವರಿಗೆ ಲಾಭ ನೇರವಾದದ್ದು: ಒಳಬರುವ ಶಾಖ ಕಡಿಮೆಯಾದಷ್ಟೂ ಯಂತ್ರ ಚಿಕ್ಕದಾಗುತ್ತದೆ.

ಕಿಟಕಿಗಳ ವಿಷಯ ಬೇಗ ಹೇಳಿ ಮುಗಿಸಬಹುದು. ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜಾ ಸಾಕು, ಬೇಸಿಗೆಯಲ್ಲಿ ಸೂರ್ಯ ಅಷ್ಟು ಎತ್ತರದಲ್ಲಿರುತ್ತಾನೆ. ಪಡುವಣ ಗೋಡೆಗೆ ಮಾತ್ರ ಸಜ್ಜಾ ನೆರವಾಗದು, ಇಳಿಬಿಸಿಲು ಅದರ ಕೆಳಗೆ ನುಸುಳುತ್ತದೆ. ಅಲ್ಲಿ ಕಿಟಕಿಯನ್ನೇ ಕಡಿಮೆ ಮಾಡಿ ಪಡಸಾಲೆ, ಬೇವಿನ ಮರ ಅಥವಾ ಹೊರಗಿನ ಕಡ್ಡಿಪರದೆಗಳನ್ನು ಆಶ್ರಯಿಸುವುದು ಒಳ್ಳೆಯದು.

ಆವಿಯ ವಿಷಯದಲ್ಲಿ ಚಳಿದೇಶದ ನಕ್ಷೆಯನ್ನು ಹಾಗೆಯೇ ತಂದರೆ ಹಾನಿ ಖಚಿತ. ಅಲ್ಲಿ ಮನೆಯೊಳಗಿನ ಬೆಚ್ಚನೆಯ ತೇವಗಾಳಿ ಗೋಡೆಯೊಳಗೆ ನುಗ್ಗಿ ತಣ್ಣನೆಯ ಹೊರಪದರಕ್ಕೆ ತಾಕಿ ನೀರಾಗದಂತೆ, ಒಳಬದಿಗೆ ಆವಿ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಹಾಕುತ್ತಾರೆ. ನಮ್ಮಲ್ಲಿ ಮಳೆಗಾಲದ ತೇವ ಹೊರಗಿರುತ್ತದೆ, ಎ.ಸಿ.ಯ ತಂಪು ಒಳಗಿರುತ್ತದೆ. ಹೊರಗಿನಿಂದ ಬಂದ ಆವಿ ಅದೇ ಪ್ಲಾಸ್ಟಿಕ್ಕಿಗೆ ತಾಕಿ ಗೋಡೆಯೊಳಗೆ ಹನಿಗಟ್ಟಿ, ಯಾರ ಕಣ್ಣಿಗೂ ಬೀಳದೆ ಕಂಬಗಳನ್ನು ಕೊಳೆಸಬಹುದು. ಇಲ್ಲಿ ಎರಡೂ ಬದಿಗೆ ಆವಿಯಾಡುವ ಗೋಡೆ ಬೇಕು, ಮಣ್ಣು ಅಥವಾ ಸುಣ್ಣದ ಗಿಲಾವು ಅದಕ್ಕೆ ಹೇಳಿ ಮಾಡಿಸಿದ್ದು.

ಮರ ಎಂದೊಡನೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಗೆದ್ದಲಿನದು, ಮತ್ತು ಕೇಳಬೇಕಾದದ್ದೇ. ನೆಲದಡಿಯ ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡೇ ಮೇಲೇರಬೇಕು; ಅದರ ಸುರಂಗ ಕಣ್ಣಿಗೆ ಬೀಳುವಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಒಂದೂವರೆ-ಎರಡು ಅಡಿ ಎತ್ತರದ ಕಲ್ಲಿನ ಪಾಯಗಟ್ಟೆ, ಅದರ ಮೇಲೆ ತೇವ ತಡೆಯುವ ಪದರ, ಅದರ ಮೇಲೆ ಎರಡೂ ಬದಿಗೆ ತುಟಿಯಂತೆ ಚಾಚಿದ ತಗಡಿನ ಪಟ್ಟಿ, ಆಮೇಲೆ ಮರ ಎಂಬ ಕ್ರಮವನ್ನು ತಪ್ಪಿಸಬಾರದು. ಕಟ್ಟುವಾಗಲೇ ಮಣ್ಣಿಗೆ ಗೆದ್ದಲು ನಿರೋಧಕ ಉಪಚಾರ ಮಾಡುವ ವಿಧಾನವನ್ನು ಭಾರತೀಯ ಮಾನಕ 6313, ಮರವನ್ನು ಸಂರಕ್ಷಕದಲ್ಲಿ ತೊಯ್ಯಿಸುವ ವಿಧಾನವನ್ನು ಭಾರತೀಯ ಮಾನಕ 401 ವಿವರಿಸುತ್ತವೆ. ಸಾಗವಾನಿಯ ಚೇಗು ಸ್ವಭಾವತಃ ತಾಳಿಕೆಯುಳ್ಳದ್ದು; ಅದರ ಹೊರಗಿನ ಬಿಳಿ ಭಾಗಕ್ಕೆ ಆ ಗುಣವಿಲ್ಲ, ಅದನ್ನೂ ಸಾಗವಾನಿ ಎಂದೇ ನಂಬಿ ಕೂರಿಸಬಾರದು. ಮಳೆ ತಾಗದ ಒಳಕೆಲಸದ ಮರಕ್ಕೆ ಬೋರಾಕ್ಸ್-ಬೋರಿಕ್ ಆಮ್ಲದ ಉಪಚಾರ ಸಾಕಾಗುತ್ತದೆ, ಮಳೆಗೆ ಮಾತ್ರ ಅದು ತೊಳೆದುಹೋಗುತ್ತದೆ. ಮರ ಕೊಳೆಯಲು ಕಾರಣವಾಗುವ ಶಿಲೀಂಧ್ರಕ್ಕೆ ಮರದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೇವ ಬೇಕು. ನಮ್ಮ ಒಣಹವೆಯಲ್ಲಿ ಮನೆಯ ಮರ ಆ ಮಟ್ಟವನ್ನು ತಾನಾಗಿ ಮುಟ್ಟುವುದೇ ಇಲ್ಲ, ಸೋರುವ ನಲ್ಲಿ, ಸೋರುವ ಛಾವಣಿ ಅಥವಾ ಮೇಲೆ ಹೇಳಿದಂತೆ ಗೋಡೆಯೊಳಗೆ ಹನಿಗಟ್ಟಿದ ಆವಿ ಮಾತ್ರ ಅಲ್ಲಿಗೆ ಒಯ್ಯಬಲ್ಲವು. ಭೀಮಾ ತೀರದ ಊರುಗಳಲ್ಲಿ 2020ರ ಅಕ್ಟೋಬರಿನಂಥ ನೆರೆಯನ್ನು ಲೆಕ್ಕಕ್ಕೆ ಹಿಡಿದು ಪಾಯಗಟ್ಟೆಯನ್ನು ಇನ್ನೂ ಎತ್ತರಿಸಬೇಕಾಗುತ್ತದೆ.

ಒಣಹವೆಗೂ ತನ್ನದೇ ಆದ ತೊಂದರೆಯಿದೆ. ಮೇ ತಿಂಗಳಲ್ಲಿ ಮರದೊಳಗಿನ ತೇವ ಶೇಕಡಾ 5-6ಕ್ಕೆ ಇಳಿದು, ಆಗಸ್ಟಿನಲ್ಲಿ 14ರ ಹತ್ತಿರಕ್ಕೆ ಏರುತ್ತದೆ. ಇದರಿಂದ 200 ಮಿ.ಮೀ. ಅಗಲದ ಹಲಗೆ ಅಡ್ಡಲಾಗಿ 3 ಮಿ.ಮೀ.ನಷ್ಟು ಕುಗ್ಗಿ ಹಿಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು. ಹಸಿಮರದಿಂದ ಕಟ್ಟಿದ ಚೌಕಟ್ಟು ಮೊದಲ ಬೇಸಿಗೆಗೇ ಸೀಳು ಬಿಟ್ಟು ತಿರುಚಿಕೊಳ್ಳುವುದು ಈ ಕಾರಣಕ್ಕೆ. ಒಲೆಯಲ್ಲಿ ಒಣಗಿಸಿ ಹದಗೊಳಿಸಿದ ಮರವನ್ನೇ ಕೊಳ್ಳಬೇಕು, ತೇವಮಾಪಕದಿಂದ ಅಳೆದೇ ಕೊಳ್ಳಬೇಕು.

ಬೆಂಕಿಯಲ್ಲಿ ಮರದ ನಡತೆ ಜನ ಅಂದುಕೊಂಡದ್ದಕ್ಕಿಂತ ಭಿನ್ನವಾಗಿದೆ. ದಪ್ಪ ತೊಲೆಯ ಹೊರಮೈ ನಿಮಿಷಕ್ಕೆ ಸುಮಾರು 0.7 ಮಿ.ಮೀ. ವೇಗದಲ್ಲಿ ಇದ್ದಿಲಾಗುತ್ತಾ ಹೋಗುತ್ತದೆ, ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ಅರ್ಧ ಗಂಟೆಯಲ್ಲಿ ಪ್ರತಿ ಬದಿಯಲ್ಲಿ ಒಂದಿಂಚಿನೊಳಗೆ ಮರ ಹೋಗುತ್ತದೆ ಎಂದು ಲೆಕ್ಕ ಹಾಕಿ ತೊಲೆಯ ಗಾತ್ರವನ್ನು ನಿರ್ಧರಿಸಬಹುದು. ಆದರೆ ಈ ಸಮಾಧಾನ ತೆಳುಕಂಬಗಳಿಗೆ ಅನ್ವಯಿಸುವುದಿಲ್ಲ. ಅವಕ್ಕೆ ಜಿಪ್ಸಂ ಹಲಗೆಯ ಅಥವಾ ದಪ್ಪ ಮಣ್ಣಿನ ಗಿಲಾವಿನ ರಕ್ಷಣೆ ಇರಲೇಬೇಕು, ವೈರಿಂಗ್ ಪೂರ್ತಿ ಕೊಳವೆಯೊಳಗೇ ಹೋಗಬೇಕು.

ಭೂಕಂಪದ ಮಾತನ್ನು ಈ ಭಾಗದಲ್ಲಿ ಬಿಡುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ನಡುಗಿದ ನೆಲ ನಮ್ಮ ಜಿಲ್ಲೆಗಳನ್ನೂ ಅಲುಗಿಸಿತ್ತು. ಅಲ್ಲಿ ಸಾವಿರಾರು ಜನರ ಪ್ರಾಣ ಹೋದದ್ದು ಬಹುಮಟ್ಟಿಗೆ ಸರಿಯಾದ ಬಂಧವಿಲ್ಲದ ದಪ್ಪ ಕಲ್ಲುಗೋಡೆ ಮತ್ತು ಅತಿ ಭಾರದ ಮಣ್ಣಿನ ಮೇಲ್ಮುದ್ದೆಗಳು ಕುಸಿದದ್ದರಿಂದ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮತ್ತೆಮತ್ತೆ ಆದ ಲಘು ಕಂಪನಗಳು ಜನರನ್ನು ಮನೆಯ ಹೊರಗೆ ಮಲಗುವಂತೆ ಮಾಡಿದ್ದವು. ನೆಲ ನಡುಗಿದಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಏರುತ್ತದೆ. ಒಂದು ಅಡಿ ದಪ್ಪದ ಮೇಲ್ಮುದ್ದೆ ಚದರ ಮೀಟರಿಗೆ ಸುಮಾರು 500 ಕಿ.ಗ್ರಾಂ. ತೂಗುತ್ತದೆ, ಐದಿಂಚಿನ ಸ್ಲ್ಯಾಬು 300ಕ್ಕೂ ಹೆಚ್ಚು, ನಿರೋಧಕ ತುಂಬಿದ ಮರದ ಛಾವಣಿ ನೂರರೊಳಗೆ. ತೂಕ ಇರಬೇಕಾದದ್ದು ನೆಲದಲ್ಲಿ ಮತ್ತು ಗೋಡೆಯ ಕೆಳಭಾಗದಲ್ಲಿ, ತಲೆಯ ಮೇಲಲ್ಲ ಎಂದು ನಾನು ಒತ್ತಿ ಹೇಳುವುದಕ್ಕೆ ಉಷ್ಣದ ಲೆಕ್ಕದಷ್ಟೇ ಇದೂ ಕಾರಣ. ಹಗುರ ಛಾವಣಿಗೆ ಗಾಳಿಯ ಭಯ ಉಂಟು. ಮುಂಗಾರಿಗೆ ಮುಂಚಿನ ಬಿರುಗಾಳಿ ತಗಡುಗಳನ್ನು ಹಾರಿಸಿಕೊಂಡು ಹೋಗುವುದನ್ನು ಪ್ರತಿ ವರ್ಷ ನೋಡುತ್ತೇವೆ. ಆದ್ದರಿಂದ ಛಾವಣಿಯಿಂದ ಗೋಡೆಗೆ, ಗೋಡೆಯಿಂದ ಪಾಯಕ್ಕೆ ಉಕ್ಕಿನ ಪಟ್ಟಿ ಮತ್ತು ಬೋಲ್ಟುಗಳ ಬಿಗಿತ ಒಂದು ಕಡೆಯೂ ತುಂಡಾಗದೆ ಸಾಗಬೇಕು.

ಮರದಿಂದ ಕಟ್ಟುವುದು ಈ ನೆಲಕ್ಕೆ ಅಪರಿಚಿತವಲ್ಲ. ಬೀದರ ಕೋಟೆಯ ರಂಗೀನ ಮಹಲಿನ ಕೆತ್ತನೆಯ ಮರದ ಕಂಬಗಳು ಬರೀದ್ ಶಾಹಿಗಳ ಕಾಲದಿಂದ ಇಂದಿಗೂ ನಿಂತಿವೆ. ಕಂಬ, ಬೋದಿಗೆ, ತೊಲೆ, ಜಂತಿ ಎಂಬ ಕ್ರಮದಲ್ಲಿ ಅಂಕಣ ಅಂಕಣವಾಗಿ ಏರುತ್ತಿದ್ದ ನಮ್ಮ ಮಾಳಿಗೆ ಮನೆಯೂ ಒಂದರ್ಥದಲ್ಲಿ ಮರದ ಚೌಕಟ್ಟೇ. ವ್ಯತ್ಯಾಸವೆಂದರೆ ಅಲ್ಲಿ ದಪ್ಪ ಸಾಗವಾನಿ ಬೇಕಿತ್ತು, ಈಗಿನ ವಿಧಾನಕ್ಕೆ ತೆಳುವಾದ, ತೋಪಿನಲ್ಲಿ ಬೆಳೆದ ಮರ ಸಾಕು. ಕೇಂದ್ರ ಲೋಕೋಪಯೋಗಿ ಇಲಾಖೆಯು ಅರಣ್ಯರಕ್ಷಣೆಯ ಕಾರಣದಿಂದ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿ, 2020ರಲ್ಲಿ ಆ ನಿಷೇಧವನ್ನು ತೆರವುಗೊಳಿಸಿತು.

ಹಾಗೆಂದು ಮರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ನಮ್ಮ ಜಿಲ್ಲೆಗಳಲ್ಲಿ ಕಾಡೇ ಕಡಿಮೆ. ಚಿಂಚೋಳಿಯ ಕಾಡಿನಿಂದ ಒಂದು ಕೊಂಬೆಯೂ ಮನೆಗಾಗಿ ಬರಕೂಡದು. ರೈತರು ಬದುಗಳಲ್ಲಿ ಮತ್ತು ತೋಟಗಳಲ್ಲಿ ಬೆಳೆಸುವ ಹೆಬ್ಬೇವು, ನೀಲಗಿರಿ, ಸಿಲ್ವರ್ ಓಕ್, ಸಾಗವಾನಿ ಮತ್ತು ಬಿದಿರೇ ಇದಕ್ಕೆ ಯೋಗ್ಯ ಮೂಲ. ಯಾವ ಜಾತಿಯ ಮರ ಎಷ್ಟು ಭಾರ ಹೊರಬಲ್ಲದು ಎಂಬ ಲೆಕ್ಕವನ್ನು ಭಾರತೀಯ ಮಾನಕ 883 ಕೊಡುತ್ತದೆ. ಮರದ ಗುಣಗಳನ್ನು ಪರೀಕ್ಷಿಸುವ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಘನ ಮೀಟರಿಗೆ 500 ಕಿ.ಗ್ರಾಂ. ತೂಗುವ ಮರ ಸುಮಾರು 900 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡಿಗೆ ಸಮನಾದ ಇಂಗಾಲವನ್ನು, ಮನೆ ನಿಂತಿರುವಷ್ಟು ಕಾಲ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಕಡಿದ ಮರದ ಜಾಗದಲ್ಲಿ ಮತ್ತೊಂದು ಬೆಳೆದರೆ ಮಾತ್ರ ಈ ಲೆಕ್ಕ ನಿಜವಾಗುತ್ತದೆ. ಸಿಮೆಂಟಿನ ಲೆಕ್ಕ ಇದಕ್ಕೆ ವಿರುದ್ಧವಾದದ್ದು, ಅದನ್ನು ವಾಡಿ, ಶಹಾಬಾದ, ಸೇಡಂ, ಮಳಖೇಡದ ಜನ ಹತ್ತಿರದಿಂದ ಬಲ್ಲರು: 100 ಕಿ.ಗ್ರಾಂ. ಶುದ್ಧ ಸುಣ್ಣದಕಲ್ಲು ಕುಲುಮೆಯಲ್ಲಿ ಬೆಂದಾಗ 56 ಕಿ.ಗ್ರಾಂ. ಸುಣ್ಣ ಉಳಿದು 44 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಕುಲುಮೆಗೆ ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟ ಉದ್ಯಮ ಅದು, ಪಾಯಕ್ಕೂ ಸೇತುವೆಗೂ ಸಿಮೆಂಟು ಬೇಕೇ ಬೇಕು. ಬಿಸಿಲನ್ನು ತಡೆಯಲಾಗದ ಕಡೆ ಅದನ್ನು ಸುರಿಯುವುದನ್ನು ಮಾತ್ರ ಕಡಿಮೆ ಮಾಡಬಹುದು.

ನಿರೋಧಕ ವಸ್ತುವಿಗೆ ನಾವು ದೂರ ಹೋಗಬೇಕಿಲ್ಲ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಆಸೆ ಹುಟ್ಟಿಸುವ ಸಂಗತಿ. ಶಹಾಪುರ, ಸುರಪುರದ ಕಾಲುವೆ ಸೀಮೆಯಲ್ಲಿ ಭತ್ತದ ಹುಲ್ಲು ರಾಶಿ ಬೀಳುತ್ತದೆ, ಎಷ್ಟೋ ಗದ್ದೆಗಳಲ್ಲಿ ಅದನ್ನು ಸುಟ್ಟುಬಿಡುತ್ತಾರೆ. ಘನ ಮೀಟರಿಗೆ 100 ಕಿ.ಗ್ರಾಂ. ಆಗುವಂತೆ ಒತ್ತಿ ಕಟ್ಟಿದ ಒಣಹುಲ್ಲಿನ ಉಷ್ಣವಾಹಕತೆ 0.05ರಿಂದ 0.07, ಅಂದರೆ ಅಂಗಡಿಯ ನಿರೋಧಕಕ್ಕೆ ಹತ್ತಿರವೇ. ಹುಲ್ಲಿನ ಕಟ್ಟುಗಳನ್ನು ಮರದ ಚೌಕಟ್ಟಿನಲ್ಲಿ ತುಂಬಿ ಎರಡೂ ಬದಿಗೆ ಒಂದಿಂಚಿನ ಮಣ್ಣು ಮೆತ್ತುವ ವಿಧಾನ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಹುಲ್ಲು ಪೂರ್ತಿ ಒಣಗಿರಬೇಕು, ಸಡಿಲವಾಗಿರಬಾರದು. ಬಿಗಿಯಾಗಿ ಒತ್ತಿ ಮಣ್ಣು ಮೆತ್ತಿದ ಹುಲ್ಲಿಗೆ ಗಾಳಿ ಸಿಗದ ಕಾರಣ ಬೆಂಕಿ ಸುಲಭವಾಗಿ ಹಬ್ಬದು. ಒಳಬದಿಯ ಮಣ್ಣು ಎರಡಿಂಚಿನದಾದರೆ ನಾವು ಹುಡುಕುತ್ತಿದ್ದ ತೂಕವೂ ಅಲ್ಲೇ ದೊರೆಯುತ್ತದೆ. ತೊಗರಿ ಕಟ್ಟಿಗೆಯ ತಡಿಕೆಗೆ ಸೆಗಣಿ-ಮಣ್ಣು ಮೆತ್ತಿ ಗೋಡೆ ಮಾಡುವುದನ್ನು ಕಂಡಿರುವ ಕಲಬುರಗಿಯ ಹಳ್ಳಿಗರಿಗೆ ಈ ಕೈಕೆಲಸ ಹೊಸದಾಗಿ ಕಾಣಲಾರದು.

ಇದನ್ನೆಲ್ಲ ಒಮ್ಮೆಗೇ ಮಾಡಲು ಎಲ್ಲರಿಗೂ ಆಗದು. ಇಲ್ಲಿನ ಬಡಿಗರ ಕೈಗೆ ಈಗ ಬಾಗಿಲು-ಕಿಟಕಿಗಳ ಕೆಲಸವಷ್ಟೇ ಉಳಿದಿದೆ, ಭಾರ ಹೊರುವ ಚೌಕಟ್ಟಿಗೆ ಇಂಜಿನಿಯರರ ಲೆಕ್ಕ ಅನಿವಾರ್ಯ. ಮೊದಲ ಹೆಜ್ಜೆಯಾಗಿ, ಈಗಾಗಲೇ ಇರುವ ಆರ್‌ಸಿಸಿ ಮನೆಯ ಮೇಲೆ ಇನ್ನೊಂದು ಕೋಣೆ ಏರಿಸಬೇಕೆಂದಿರುವವರು ಇಟ್ಟಿಗೆ-ಸ್ಲ್ಯಾಬಿನ ಬದಲು ಮರದ ಚೌಕಟ್ಟನ್ನು ಯೋಚಿಸಬಹುದು. ಹಳೆಯ ಪಾಯದ ಮೇಲೆ ಭಾರ ಹೆಚ್ಚು ಬೀಳುವುದಿಲ್ಲ, ಕೆಳಗಿನ ಸ್ಲ್ಯಾಬು ನೆರಳಿಗೆ ಸೇರುತ್ತದೆ, ಅದರ ಮೇಲೆ ಹಾಸಿದ ಪರಸಿಯೊಂದಿಗೆ ಅದೇ ಸ್ಲ್ಯಾಬು ಮೇಲಿನ ಕೋಣೆಗೆ ತಂಪು ಹಿಡಿಯುವ ತೂಕವಾಗುತ್ತದೆ. ಕೋಣೆ ಬೇಡವೆನ್ನುವವರು ಸ್ಲ್ಯಾಬಿನ ಮೇಲೆ ಗಿಡ್ಡ ಮರದ ಚೌಕಟ್ಟೊಂದನ್ನು ಬೋಲ್ಟುಗಳಿಂದ ಬಿಗಿದು, ನಿರೋಧಕ ತುಂಬಿ, ಮೇಲೆ ಗಾಳಿಯಾಡುವ ಸಂದು ಬಿಟ್ಟು ಬಿಳಿಬಣ್ಣದ ತಗಡು ಹೊದಿಸಬಹುದು. ಎರಡಿಂಚಿನ ನಿರೋಧಕದಿಂದಲೇ ಛಾವಣಿಯ ಯು-ಮೌಲ್ಯ 1.2ರ ಮಿತಿಯೊಳಗೆ ಬರುತ್ತದೆ, ನಾಲ್ಕಿಂಚು ಹಾಕಿದರೆ 0.4ರ ಹತ್ತಿರಕ್ಕೆ ಇಳಿಯುತ್ತದೆ. ಕೆಲಸವನ್ನು ಫೆಬ್ರುವರಿಯೊಳಗೆ ಮುಗಿಸಿದರೆ ಅದೇ ವರ್ಷದ ಬೇಸಿಗೆಯಲ್ಲಿ ಸ್ಲ್ಯಾಬಿನ ಕೆಳಗಿನ ಕೋಣೆಯಲ್ಲೇ ಮಲಗಬಹುದು.